ಮಡಿಕೇರಿಯಲ್ಲಿದ್ದುಕೊಂಡೇ ಸ್ವತಂತ್ರ ಸಿನಿಮಾ ನಿರ್ದೇಶಕ ಆಗಬಹುದಾ? ಶುರುವಿನ ವರ್ಷಗಳು ಹೇಗಿರುತ್ತವೆ?

ಖಂಡಿತ ಆಗಬಹುದು. ಆದರೆ ಮೊದಲ ಕೆಲವು ವರ್ಷ ಬೇರೆಯವರ ಸಿನಿಮಾಗೆ ದುಡಿಯಲು ತಯಾರಿರಿ.

ಪವನ್ ಕುಮಾರ್ ಅವರನ್ನೇ ನೋಡಿ. 'ಲೂಸಿಯಾ' (2013) ಅಂದರೆ ಜನರಿಂದ ದುಡ್ಡು ಕೂಡಿಸಿ ಮಾಡಿದ ಸಿನಿಮಾ ಅಂತಷ್ಟೇ ಎಲ್ಲರಿಗೂ ನೆನಪು. ಅದಕ್ಕೂ ಮುಂಚೆ ಅವರು ಯೋಗರಾಜ್ ಭಟ್ಟರ 'ಮನಸಾರೆ', 'ಪಂಚರಂಗಿ'ಗೆ ಬರವಣಿಗೆಯಲ್ಲಿ ಕೆಲಸ ಮಾಡಿ, 2011ರಲ್ಲಿ 'ಲೈಫು ಇಷ್ಟೇನೆ' ನಿರ್ದೇಶಿಸಿದ್ದರು. ಆಮೇಲೆ ಬ್ಲಾಗ್‌ನಲ್ಲಿ ಕೇಳಿದಾಗ ಸುಮಾರು 50 ಲಕ್ಷ ಬಂತು. ಆ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ, ಅಲ್ವಾ?

ರಾಮ್ ರೆಡ್ಡಿ ಅವರ ದಾರಿ ಬೇರೆ. ಮೊದಲ ಚಿತ್ರ 'ತಿಥಿ'ಗೆ ಮಂಡ್ಯ ಕಡೆಯ ಹಳ್ಳಿಗರನ್ನೇ ನಟರನ್ನಾಗಿ ಮಾಡಿಕೊಂಡರು, ಅದು 2015ರಲ್ಲಿ ಸ್ವಿಟ್ಜರ್ಲೆಂಡ್‌ನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಗೆದ್ದಿತು. ನಮ್ಮ ಕೊಡಗಿನವರಿಗೆ ಇದೇ ಜಾಸ್ತಿ ಹೊಂದುತ್ತದೆ ಅಂತ ನನ್ನ ಅನಿಸಿಕೆ. ನಾವು ಹುಟ್ಟಿ ಬೆಳೆದ ಊರಿನ ಮಾತು, ಮುಖ ನಮಗೆ ಗೊತ್ತು.

ನನ್ನ ಮೊದಲ ಕಿರುಚಿತ್ರವನ್ನು ಸೋಮವಾರಪೇಟೆ ಹತ್ತಿರದ ಲೈನ್‌ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆ) ಜುಲೈನಲ್ಲಿ ತೆಗೆದೆ. ಶೀಟಿನ ಮೇಲೆ ಮಳೆ ಬೀಳುವ ಸದ್ದಿಗೆ ಒಂದು ಮಾತೂ ಕೇಳಿಸಲಿಲ್ಲ, ಹೊರಗಿನ ಚಳಿಯಿಂದ ಒಲೆ ಪಕ್ಕಕ್ಕೆ ತಂದ ಕೂಡಲೇ ಲೆನ್ಸ್ ಮಬ್ಬಾಗುತ್ತಿತ್ತು, ಬಟ್ಟೆಯಿಂದ ಒರೆಸಿದಷ್ಟೂ ಮತ್ತೆ ಮಬ್ಬು. ಕೊನೆಗೆ ಎಲ್ಲ ಮಾತನ್ನೂ ಮತ್ತೆ ಡಬ್ ಮಾಡಿದೆ. ಡಿಸೆಂಬರ್‌ಗೆ ಮುಂದೂಡಿದರೆ ಕಾಫಿ ಕೊಯ್ಲು, ಯಾರೂ ಬಿಡುವಾಗಿರಲ್ಲ. ಹಾಗಾಗಿ ಮಳೆ ನಿಂತ ಮೇಲೆ, ಕೊಯ್ಲಿಗೆ ಮುಂಚೆ, ಹತ್ತು ನಿಮಿಷದ ಒಂದು ಚಿತ್ರ ಮುಗಿಸಿ. ಬೆಂಗಳೂರಿಗೆ ಹೋಗಿ ಕೆಲಸ ಕೇಳುವಾಗ ಅದನ್ನೇ ತೋರಿಸಿ.