ಕೋಚ್‌ಗೆ ಕೊಕ್ ಕೊಡಬೇಕಿತ್ತೇ?

ಪತ್ರದ ಸಾರಾಂಶ: ಫ್ಲಾರಿಡಾದ ಟ್ಯಾಲಹ್ಯಾಸಿಯಲ್ಲಿ ನೆಲೆಸಿರುವ ಓದುಗರೊಬ್ಬರ ಮಗ ಅಲ್ಲಿನ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. “2023ರಲ್ಲಿ 13 ಪಂದ್ಯ ಗೆದ್ದ ಫುಟ್‌ಬಾಲ್ ತಂಡ 2024ರಲ್ಲಿ ಎರಡು, 2025ರಲ್ಲಿ ಐದು ಗೆದ್ದಿದೆ. ಆದರೂ ಹೆಡ್ ಕೋಚ್ ಮೈಕ್ ನಾರ್ವೆಲ್ ಅವರನ್ನು ಉಳಿಸಿಕೊಂಡಿದ್ದಾರೆ. ಇದು ಸರಿಯೇ? ತೆಗೆದುಹಾಕಿದರೆ ಐದು ಕೋಟಿ ಡಾಲರ್ ಕೊಡಬೇಕಂತೆ, ಕೆಲಸ ಬಿಡಿಸಿದವನಿಗೆ ಯಾಕೆ ಕೊಡಬೇಕು?” ಎಂದು ಅವರು ಕೇಳಿದ್ದಾರೆ.

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ‘ಐದು ಗೆಲುವು, ಏಳು ಸೋಲು’ ಎಂಬಷ್ಟರಿಂದಲೇ ಯಾವ ತೀರ್ಮಾನಕ್ಕೂ ಬರಲಾಗದು. ಅಮೆರಿಕನ್ ಕಾಲೇಜು ಫುಟ್‌ಬಾಲ್‌ನಲ್ಲಿ ಸೀಸನ್‌ಗೆ ಇರುವುದೇ 12 ಪಂದ್ಯ; ಚೆನ್ನಾಗಿ ಆಡಿದ ತಂಡಗಳಿಗೆ ಮಾತ್ರ ಆಮೇಲೆ ಇನ್ನೂ ಕೆಲವು ಸಿಗುತ್ತವೆ. ಐಪಿಎಲ್‌ನ ಲೀಗ್ ಹಂತದಲ್ಲೇ ಒಂದು ತಂಡ 14 ಆಡುತ್ತದೆ. ಇಷ್ಟು ಕಡಿಮೆ ಪಂದ್ಯಗಳಲ್ಲಿ ಎರಡು ಸೋಲು ಅತ್ತಿತ್ತ ಆದರೂ ಕೋಚ್ ಹೀರೋ ಅಥವಾ ಖಳನಾಯಕ. ಹಾಗಾಗಿ ಅಂಕಗಳನ್ನು ಬಿಡಿಸಿ ನೋಡೋಣ.

2025ರ 12 ಪಂದ್ಯಗಳಲ್ಲಿ ಫ್ಲಾರಿಡಾ ಸ್ಟೇಟ್ ಗಳಿಸಿದ್ದು 396 ಅಂಕ, ಬಿಟ್ಟುಕೊಟ್ಟದ್ದು 264. ಅಂದರೆ 132 ಅಂಕ ಮುಂದೆ. ಸೋತ ತಂಡದ ಲೆಕ್ಕದಂತೆ ಕಾಣುವುದೇ ಇಲ್ಲ. ಆದರೆ ಇದರಲ್ಲಿ ಈಸ್ಟ್ ಟೆಕ್ಸಸ್ ಎ ಅಂಡ್ ಎಂ ವಿರುದ್ಧದ 77-3, ಕೆಂಟ್ ಸ್ಟೇಟ್ ವಿರುದ್ಧದ 66-10 ಸೇರಿವೆ. ದುರ್ಬಲ ತಂಡಗಳನ್ನು ಮನೆಗೆ ಕರೆಸಿ ಬಡಿದ ಆ ಎರಡನ್ನು ತೆಗೆದರೆ ಉಳಿದ ಹತ್ತು ಪಂದ್ಯಗಳಲ್ಲಿ ಮುನ್ನಡೆ ಕೇವಲ 2 ಅಂಕ, ಗೆಲುವು ಮೂರು. ಹತ್ತು ಪಂದ್ಯಗಳಲ್ಲಿ ಅಂಕಗಳು ಸರಿಸಮವಾಗಿದ್ದರೆ ಐದಾದರೂ ಗೆಲ್ಲಬೇಕಿತ್ತು. ‘ಅದೃಷ್ಟ ಕೈಕೊಟ್ಟಿತು’ ಎನ್ನುವ ನಾರ್ವೆಲ್ ಪರ ವಕೀಲರು ಹಿಡಿಯುವುದು ಇದೇ ಎಳೆಯನ್ನು. ವರ್ಜೀನಿಯಾ ವಿರುದ್ಧ ಎರಡು ಹೆಚ್ಚುವರಿ ಅವಧಿಗಳ ನಂತರ 38-46, ಮಯಾಮಿ ವಿರುದ್ಧ 22-28, ಪಿಟ್ಸ್‌ಬರ್ಗ್ ವಿರುದ್ಧ 31-34, ಸ್ಟ್ಯಾನ್‌ಫರ್ಡ್ ವಿರುದ್ಧ 13-20. ನಾಲ್ಕೂ ಎಂಟು ಅಂಕದೊಳಗಿನ, ಅಂದರೆ ಆರು ಅಂಕದ ಒಂದು ಟಚ್‌ಡೌನ್ ಮತ್ತು ಅದರ ಬೆನ್ನಿಗೆ ಸಿಗುವ ಎರಡು ಅಂಕದ ಕನ್ವರ್ಷನ್‌ನಿಂದ ಸರಿಗಟ್ಟಬಹುದಾದ ಸೋಲುಗಳು. ಕೈಜಾರಿದ ಚೆಂಡು ಯಾರ ಪಾಲಾಗುತ್ತದೆ ಎಂಬುದು ಬಹುಮಟ್ಟಿಗೆ ನಾಣ್ಯ ಚಿಮ್ಮಿದಂತೆ. ಇಂಥ ಪಂದ್ಯಗಳು ಅಂಥದ್ದೊಂದು ಚೆಂಡಿನ ಮೇಲೆಯೇ ತಿರುಗುತ್ತವೆ.

ಈಗ ಅದೇ ಹತ್ತು ಪಂದ್ಯಗಳನ್ನು ತವರು, ಹೊರಗೆ ಎಂದು ಎರಡು ಗುಡ್ಡೆ ಮಾಡಿ. ತವರಿನಲ್ಲಿ ಅಲಬಾಮಾ ವಿರುದ್ಧ 31-17, ವೇಕ್ ಫಾರೆಸ್ಟ್ ವಿರುದ್ಧ 42-7, ವರ್ಜೀನಿಯಾ ಟೆಕ್ ವಿರುದ್ಧ 34-14 ಗೆಲುವು, ಜೊತೆಗೆ ಮಯಾಮಿ ಮತ್ತು ಪಿಟ್ಸ್‌ಬರ್ಗ್ ವಿರುದ್ಧದ ಸಣ್ಣ ಸೋಲು: ಒಟ್ಟು 60 ಅಂಕ ಮುಂದೆ. ಹೊರಗೆ ಐದಕ್ಕೆ ಐದೂ ಸೋಲು: 58 ಅಂಕ ಹಿಂದೆ. ತಂಡ ಒಂದೇ, ಆಟಗಾರರು ಅವರೇ. ಸ್ಟ್ಯಾನ್‌ಫರ್ಡ್ ಆ ವರ್ಷ ಹೆದರಬೇಕಾದ ತಂಡವೇನೂ ಆಗಿರಲಿಲ್ಲ. 2024ರಲ್ಲೂ ಎದುರಾಳಿಯ ಮೈದಾನದ ನಾಲ್ಕು ಪಂದ್ಯಗಳು ಹೋದವು, ಅವುಗಳಲ್ಲಿ ನಾಟರ್ ಡೇಮ್ ಎದುರಿನ 3-52 ಒಂದು. ಎರಡು ಸೀಸನ್‌ಗಳಲ್ಲಿ ಹೊರಗಿನ ಒಂಬತ್ತೂ ಸೋಲು. ಇದನ್ನು ಅದೃಷ್ಟದ ತಲೆಗೆ ಕಟ್ಟಲಾಗದು. ಗದ್ದಲದಲ್ಲಿ, ಮೈದಾನದಲ್ಲಿ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ ಸಂಜ್ಞೆ ಮುಟ್ಟಿಸುವುದು, ಪ್ರಯಾಣದ ವಾರದ ಅಭ್ಯಾಸ, ಮೊದಲ ಹತ್ತು ಹದಿನೈದು ಪ್ಲೇಗಳನ್ನು (ಆಟದ ನಡೆಗಳನ್ನು) ಮೊದಲೇ ಬರೆದಿಟ್ಟುಕೊಳ್ಳುವುದು, ಹಿಂದೆ ಬಿದ್ದಾಗ ಯೋಜನೆ ತಿದ್ದುವುದು, ಇವೆಲ್ಲ ಹೆಡ್ ಕೋಚ್ ಮೇಜಿನ ಕೆಲಸಗಳು.

ಹಾಗಾದರೆ ತೆಗೆಯಬೇಕಿತ್ತು ಎಂದಾಯಿತಲ್ಲ? ಆಟದ ಮಟ್ಟಿಗೆ ಹೌದು, ನಮ್ಮ ಅಭಿಪ್ರಾಯದಲ್ಲಿ ಅದೃಷ್ಟದ ನೆಪಕ್ಕೆ ಜಾಗವಿಲ್ಲ. ಆದರೆ ತೆಗೆಯುವುದು ಅರ್ಧ ನಿರ್ಧಾರ. ಇನ್ನರ್ಧ ಕರಾರುಪತ್ರದಲ್ಲಿ, ಕ್ಯಾಲೆಂಡರಿನಲ್ಲಿ ಇರುತ್ತದೆ.

ಕರಾರು ಎಂದರೆ ನಿಮ್ಮ ಎರಡನೆಯ ಪ್ರಶ್ನೆ. 2024ರ ಜನವರಿಯಲ್ಲಿ ಅಲಬಾಮಾದ ಹೆಡ್ ಕೋಚ್ ನಿಕ್ ಸೇಬನ್ ನಿವೃತ್ತರಾದಾಗ ಆ ಹುದ್ದೆಗೆ ನಾರ್ವೆಲ್ ಹೆಸರೂ ಓಡಾಡಿತು. ಕೈತಪ್ಪಿ ಹೋದಾರೆಂಬ ಭಯದಲ್ಲಿ ಫ್ಲಾರಿಡಾ ಸ್ಟೇಟ್ ಎಂಟು ವರ್ಷಗಳ, ವರ್ಷಕ್ಕೆ ಒಂದು ಕೋಟಿ ಡಾಲರ್ ಮೀರಿದ ಕರಾರು ಮಾಡಿಕೊಂಡಿತು. ಅವಧಿಗೆ ಮುನ್ನ ಕಾರಣವಿಲ್ಲದೆ ತೆಗೆದರೆ ಉಳಿದ ಸಂಬಳದ ಬಹುಪಾಲು ಕೊಡಬೇಕು; ಅದೇ ಬೈಔಟ್. ‘ಕಾರಣ’ ಎಂದರೆ ನಿಯಮಭಂಗ, ದುರ್ನಡತೆ ಇಂಥವು. ಪಂದ್ಯ ಸೋಲುವುದು ಕಾರಣವಲ್ಲ. ಗೆಲುವಿನ ಅಮಲಿನಲ್ಲಿ ಹಾಕಿದ ಸಹಿಯಿಂದಾಗಿ ಈಗ ಮೂಗಿಗಿಂತ ಮೂಗುತಿಯೇ ಭಾರ.

ಬೈಔಟ್‌ಗಳೆಲ್ಲ ಒಂದೇ ಥರ ಎಂದುಕೊಳ್ಳಬೇಡಿ. 2023ರ ನವೆಂಬರ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ಜಿಂಬೋ ಫಿಶರ್ ಅವರನ್ನು ತೆಗೆದಾಗ ತಲೆಗೆ ಬಂದದ್ದು ಏಳೂವರೆ ಕೋಟಿ ಡಾಲರಿಗೂ ಮೇಲೆ. ಬೇರೆ ಕಡೆ ಕೆಲಸ ಸಿಕ್ಕರೂ ಅದರ ಸಂಬಳವನ್ನು ಇದರಲ್ಲಿ ಕಳೆಯುವ ಷರತ್ತೇ ಅಲ್ಲಿರಲಿಲ್ಲ. 2025ರ ಅಕ್ಟೋಬರ್ 12ರಂದು ಪೆನ್ ಸ್ಟೇಟ್ ಜೇಮ್ಸ್ ಫ್ರ್ಯಾಂಕ್ಲಿನ್ ಅವರನ್ನು ತೆಗೆದಾಗಲೂ ಐದು ಕೋಟಿಯ ಆಸುಪಾಸಿನ ಮೊತ್ತವೇ ಸುದ್ದಿಯಾಯಿತು. ಆದರೆ ಅಲ್ಲಿ ಕಳೆಯುವ ಷರತ್ತು ಇತ್ತು. ಫ್ರ್ಯಾಂಕ್ಲಿನ್ ನವೆಂಬರ್‌ನಲ್ಲಿ ವರ್ಜೀನಿಯಾ ಟೆಕ್ ಸೇರಿದರು, ಲೆಕ್ಕ 90 ಲಕ್ಷ ಡಾಲರಿಗೆ ಇತ್ಯರ್ಥವಾಯಿತು. ಒಂದು ಷರತ್ತಿನ ಬೆಲೆ ನಾಲ್ಕು ಕೋಟಿ! ಕೋಚ್ ಒಬ್ಬರ ಮೇಲೆ ರೇಗುವ ಮುನ್ನ ಕರಾರಿಗೆ ಸಹಿ ಹಾಕಿದ ಕ್ರೀಡಾ ನಿರ್ದೇಶಕರ ಮೇಲೂ ಒಂದು ಕಣ್ಣಿಡಿ.

ಬೈಔಟ್ ಕೊಟ್ಟರೆ ಮುಗಿಯುವುದೂ ಇಲ್ಲ. ಸಹಾಯಕ ಕೋಚ್‌ಗಳಿಗೂ ಅವರವರ ಕರಾರು ಇರುತ್ತದೆ, ಹೊಸ ಹೆಡ್ ಕೋಚ್ ತಮ್ಮವರನ್ನು ತರುತ್ತಾರಾದ್ದರಿಂದ ಹಳಬರಿಗೂ ಸಲ್ಲಿಸಬೇಕು. ಹೊಸಬರನ್ನು ಬಿಡಿಸಿಕೊಂಡು ಬರಲು ಅವರ ಹಳೆಯ ವಿಶ್ವವಿದ್ಯಾಲಯಕ್ಕೆ ಕಟ್ಟಬೇಕು. 2025ರ ಜುಲೈನಿಂದ ಆಟಗಾರರಿಗೇ ನೇರವಾಗಿ ಹಣ ಕೊಡುವ ವ್ಯವಸ್ಥೆ ಬಂದಿದೆ. ಮೊದಲ ವರ್ಷದ ಮಿತಿ ಒಂದು ವಿಶ್ವವಿದ್ಯಾಲಯಕ್ಕೆ ಎಲ್ಲ ಕ್ರೀಡೆಗಳೂ ಸೇರಿ 2.05 ಕೋಟಿ ಡಾಲರ್. ನಾರ್ವೆಲ್ ಬೈಔಟ್ ಅಂದರೆ ಹೆಚ್ಚುಕಡಿಮೆ ಎರಡೂವರೆ ವರ್ಷದ ಆ ಮೊತ್ತ. ಒಳ್ಳೆಯ ಲೈನ್‌ಮನ್‌ಗಳನ್ನು (ಮುಂಚೂಣಿಯಲ್ಲಿ ಎದುರಾಳಿಗೆ ಎದೆಯೊಡ್ಡುವವರನ್ನು) ತರಬೇಕಾದ ದುಡ್ಡು ಮನೆಯಲ್ಲಿ ಕೂತ ಕೋಚ್‌ಗೆ ಹೋದರೆ ಹೊಸ ಕೋಚ್ ಬಂದು ಮಾಡುವುದೇನು?

ಕ್ಯಾಲೆಂಡರ್ ಇನ್ನೂ ಕಟುವಾದದ್ದು. ಹೈಸ್ಕೂಲ್ ಆಟಗಾರರು ಯಾವ ವಿಶ್ವವಿದ್ಯಾಲಯ ಸೇರುತ್ತೇವೆಂದು ಸಹಿ ಹಾಕುವ ಮುಖ್ಯ ದಿನ ಈಗ ಡಿಸೆಂಬರ್ ಮೊದಲ ವಾರ. 2025ರಲ್ಲಿ ಅದು 3ನೇ ತಾರೀಖು. ಬೇರೆ ತಂಡಕ್ಕೆ ಹೋಗುವವರಿಗೆ ಟ್ರಾನ್ಸ್‌ಫರ್ ಪೋರ್ಟಲ್ ತೆರೆದದ್ದು 2026ರ ಜನವರಿ 2ರಿಂದ 16ರವರೆಗೆ. ಹೆಡ್ ಕೋಚ್ ಬದಲಾದರೆ ಆ ತಂಡದವರಿಗೆ ಪ್ರತ್ಯೇಕ ಅವಕಾಶವೂ ಉಂಟು: ಹೊಸ ನೇಮಕವಾಗಿ ಐದು ದಿನದ ಮೇಲೆ 15 ದಿನ. ಅಂದರೆ ಕೋಚ್ ಬದಲಿಸುವುದೆಂದರೆ ಇಡೀ ತಂಡಕ್ಕೆ ‘ಹೋಗುವವರು ಹೋಗಬಹುದು’ ಎಂದು ಬಾಗಿಲು ತೆರೆದಂತೆ. ಪೆನ್ ಸ್ಟೇಟ್ ಅಕ್ಟೋಬರ್‌ನಲ್ಲೇ ಕುರ್ಚಿ ಖಾಲಿ ಮಾಡಿತು, ಹುಡುಕಾಟಕ್ಕೆ ಸಮಯ ಸಿಗಲೆಂದು. ಆದರೆ ಹೊಸ ಕೋಚ್ ಮ್ಯಾಟ್ ಕ್ಯಾಂಪ್‌ಬೆಲ್ ನೇಮಕವಾಗುವ ಹೊತ್ತಿಗೆ ಡಿಸೆಂಬರ್ 3 ದಾಟಿತ್ತು. ಆ ದಿನ ಪೆನ್ ಸ್ಟೇಟ್‌ಗೆ ಸಹಿ ಹಾಕಿದ ಹೈಸ್ಕೂಲ್ ಆಟಗಾರರು ಇಬ್ಬರೇ. ಬೇಗ ತೆಗೆಯುವುದರಿಂದ ಲಾಭವಿರುವುದು ಬೇಗ ನೇಮಿಸಿದರೆ ಮಾತ್ರ.

ಬದಲಿಸಿದವರ ಗತಿ ಏನಾಯಿತು? 1997ರಿಂದ 2010ರವರೆಗಿನ ಮಾಹಿತಿ ಇಟ್ಟುಕೊಂಡು ಆಡ್ಲರ್, ಬೆರಿ, ಡೋಹರ್ಟಿ ಎಂಬ ಮೂವರು ರಾಜ್ಯಶಾಸ್ತ್ರಜ್ಞರು ಇದನ್ನು ಅಳೆದಿದ್ದಾರೆ. ತೀರಾ ಕೆಳಗೆ ಬಿದ್ದ ತಂಡಗಳಲ್ಲಿ ಕೋಚ್ ಬದಲಿಸಿದರೂ ಬಿಟ್ಟರೂ ಮುಂದಿನ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಮಧ್ಯಮ ತಂಡಗಳಲ್ಲಿ ಬದಲಿಸಿದವರೇ ಹೆಚ್ಚು ಹಾಳಾದರು. ನೆಬ್ರಾಸ್ಕಾ ಇದಕ್ಕೆ ಹಿಡಿದ ಕನ್ನಡಿ. ಒಂಬತ್ತು ಪಂದ್ಯ ಗೆದ್ದ ಫ್ರ್ಯಾಂಕ್ ಸೋಲಿಚ್‌ಗೆ 2003ರಲ್ಲಿ, ಒಂಬತ್ತೇ ಗೆದ್ದ ಬೋ ಪೆಲಿನಿಗೆ 2014ರಲ್ಲಿ ಕೊಕ್ ಕೊಟ್ಟ ಆ ವಿಶ್ವವಿದ್ಯಾಲಯ 2016ರ ನಂತರ ಒಂಬತ್ತು ಗೆಲುವು ಕಂಡೇ ಇಲ್ಲ.

ಆದರೆ ಆ ಅಧ್ಯಯನ ಟ್ರಾನ್ಸ್‌ಫರ್ ಪೋರ್ಟಲ್ ಇಲ್ಲದ ಕಾಲದ್ದು. 2023ರಲ್ಲಿ ಮೂರೇ ಪಂದ್ಯ ಗೆದ್ದ ಇಂಡಿಯಾನಾ, ಟಾಮ್ ಆ್ಯಲೆನ್ ಅವರಿಗೆ ಒಂದೂವರೆ ಕೋಟಿ ಡಾಲರಿನಷ್ಟು ಕೊಟ್ಟು ಕಳಿಸಿ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ಕರ್ಟ್ ಸಿಗ್ನೆಟ್ಟಿಯನ್ನು ತಂದಿತು. ಅವರು ಸಹಾಯಕ ಕೋಚ್‌ಗಳನ್ನೂ ಹಳೆಯ ತಂಡದ ಆಟಗಾರರನ್ನೂ ಕಟ್ಟಿಕೊಂಡೇ ಬಂದರು. ಮರುವರ್ಷ 11 ಗೆಲುವು, ಅದರ ಮರುವರ್ಷ 16ಕ್ಕೆ 16 ಗೆಲುವು, ರಾಷ್ಟ್ರೀಯ ಚಾಂಪಿಯನ್ ಪಟ್ಟ. ಇಲ್ಲಿ ನೋಡಬೇಕಾದ್ದು ಪವಾಡವನ್ನಲ್ಲ, ಕ್ರಮವನ್ನು: ಬೇರೆಡೆ ಗೆದ್ದು ತೋರಿಸಿದ, ಪೂರಾ ತಂಡವನ್ನೇ ಹೊತ್ತು ತರಬಲ್ಲ ವ್ಯಕ್ತಿ ಕಣ್ಣಮುಂದಿದ್ದರೆ ಬದಲಾವಣೆ ಫಲಿಸುತ್ತದೆ. ಯಾರೆಂದು ಗೊತ್ತಿಲ್ಲದೆ ಮೊದಲು ತೆಗೆದು ಆಮೇಲೆ ಹುಡುಕಿದರೆ ಬಾಣಲೆಯಿಂದ ಬೆಂಕಿಗೆ.

ಉಳಿಸಿಕೊಂಡವರಲ್ಲೂ ಎರಡು ಬಗೆ. 2020ರಲ್ಲಿ ಮಿಶಿಗನ್ ಎರಡು ಗೆದ್ದು ನಾಲ್ಕು ಸೋತಾಗ ಕೋಚ್ ಜಿಮ್ ಹಾರ್ಬಾ ಅವರ ಮೂಲ ಸಂಬಳ ಸುಮಾರು ಅರ್ಧಕ್ಕಿಳಿಯಿತು, ಬೈಔಟ್ ಕುಗ್ಗಿತು, ಡಿಫೆನ್ಸ್ ನಡೆಸುವ ಕೋಆರ್ಡಿನೇಟರ್ ಬದಲಾದರು. ಮರುವರ್ಷವೇ ಬದ್ಧ ಎದುರಾಳಿ ಒಹಾಯೊ ಸ್ಟೇಟ್ ವಿರುದ್ಧ ಗೆದ್ದರು, 2023ರಲ್ಲಿ ಚಾಂಪಿಯನ್ ಆದರು. ನೆಬ್ರಾಸ್ಕಾದ ಸ್ಕಾಟ್ ಫ್ರಾಸ್ಟ್‌ಗೂ 2021ರ ನವೆಂಬರ್‌ನಲ್ಲಿ ಇದೇ ಮದ್ದು: ಸಂಬಳ 50 ಲಕ್ಷದಿಂದ 40 ಲಕ್ಷ ಡಾಲರ್, ನಾಲ್ವರು ಸಹಾಯಕರಿಗೆ ಗೇಟ್‌ಪಾಸ್. ಆ ವರ್ಷದ ಒಂಬತ್ತೂ ಸೋಲು ಒಂದಂಕಿ ಅಂತರದ್ದಾಗಿದ್ದರಿಂದ ‘ಬರೀ ದುರದೃಷ್ಟ’ ಎಂದು ನಂಬಿದರು. 2022ರಲ್ಲಿ ಮೂರೇ ಪಂದ್ಯಕ್ಕೆ, ಮತ್ತೆರಡು ಅಂಥದ್ದೇ ಸೋಲಿನ ನಂತರ, ಸೆಪ್ಟೆಂಬರ್ 11ರಂದು ತೆಗೆದರು. ಅಕ್ಟೋಬರ್ 1ರವರೆಗೆ ಕಾದಿದ್ದರೆ ಬೈಔಟ್ ಒಂದೂವರೆ ಕೋಟಿಯಿಂದ 75 ಲಕ್ಷಕ್ಕೆ ಇಳಿಯುತ್ತಿತ್ತು. ಒಂದೇ ನಮೂನೆಯ ಸೋಲು ವರ್ಷದಿಂದ ವರ್ಷಕ್ಕೆ ಮರುಕಳಿಸಿದರೆ ಅದು ದುರದೃಷ್ಟವಲ್ಲ, ಅಭ್ಯಾಸ.

ನಾರ್ವೆಲ್ ಕೂಡ 2024ರಲ್ಲಿ ಆಕ್ರಮಣ, ರಕ್ಷಣೆ ಎರಡರ ಕೋಆರ್ಡಿನೇಟರ್‌ಗಳನ್ನೂ ಬದಲಿಸಿದರು, ತಮ್ಮ ಸಂಬಳದ 45 ಲಕ್ಷ ಡಾಲರನ್ನು ವಿಶ್ವವಿದ್ಯಾಲಯದ ಕ್ರೀಡಾ ನಿಧಿಗೆ ಬಿಟ್ಟುಕೊಟ್ಟರು. ಆ ವರ್ಷ ಉಳಿಸಿಕೊಂಡದ್ದು ನಮ್ಮ ಪ್ರಕಾರ ಸರಿ. 2025ರದ್ದು ಆಟದ ತೀರ್ಮಾನವಲ್ಲ, ಹಣದ ತೀರ್ಮಾನ. ಹಾಗೆಂದು ಬಾಯಿಬಿಟ್ಟು ಹೇಳಿದ್ದರೆ ನಿಮ್ಮಂಥವರ ಸಿಟ್ಟು ಅರ್ಧ ಇಳಿಯುತ್ತಿತ್ತು. ಉಳಿಸಿಕೊಳ್ಳುವ ಬೆಲೆಯಾಗಿ ಬೈಔಟ್ ಅರ್ಧಕ್ಕೆ ಇಳಿಸಿ, ಬೇರೆಡೆಯ ಸಂಬಳ ಕಳೆಯುವ ಷರತ್ತನ್ನು ಬಿಗಿಯಾಗಿ ಬರೆಸಿಕೊಂಡಿದ್ದರೆ ಈ ನಿರ್ಧಾರವನ್ನು ನಾವೂ ಒಪ್ಪುತ್ತಿದ್ದೆವು.

2026ರಲ್ಲಿ ನೀವು ಗಮನಿಸಬೇಕಾದ್ದು ಗೆಲುವಿನ ಸಂಖ್ಯೆಗಿಂತ ಹೊರಗಿನ ಪಂದ್ಯಗಳ ಮೊದಲ ಕ್ವಾರ್ಟರ್. ಚೆಂಡು ಎತ್ತುವ ಮುನ್ನವೇ ಲೈನ್‌ಮನ್ ಅಲುಗಾಡಿ ಐದು ಗಜ ದಂಡ ತೆರುವುದು ಎಷ್ಟು ಸಲ, ಸಂಜ್ಞೆ ತಲುಪದೆ ಟೈಮ್‌ಔಟ್ ಪೋಲಾಗುವುದು ಎಷ್ಟು ಸಲ ಎಂದು ಬರೆದಿಡಿ. ಅಲಬಾಮಾ ಪಂದ್ಯ ಈ ಸಲ ಅವರ ಮೈದಾನ ಟಸ್ಕಲೂಸಾದಲ್ಲಿದೆ, ಅಲ್ಲಿಂದಲೇ ಶುರು ಮಾಡಬಹುದು.