ಏಳನೇ ಪುಟದ ಕಾಗೆ

ನಮಸ್ಕಾರ.

'ಸಾವಿನ ನಂತರ ಆತ್ಮ ಎಲ್ಲಿಗೆ ಹೋಗುತ್ತದೆ?' ಎಂಬ ನಿಮ್ಮ 11 ಪುಟದ ಲೇಖನ ಓದಿದೆ. ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಗೆ ಹಾಕಲು ಆಗುವುದಿಲ್ಲ. ಆದರೆ ಏಳನೇ ಪುಟ ಓದಿದ ಮೇಲೆ, ಸುಮ್ನೆ 'ವಿಷಾದಿಸುತ್ತೇವೆ' ಅಂತ ಎರಡು ಸಾಲು ಗೀಚಿ ಕಳಿಸಲು ಮನಸ್ಸು ಬರಲಿಲ್ಲ. ಅದಕ್ಕೇ ಇಷ್ಟುದ್ದದ ಕಾಗದ.

ಮೊದಲು ಬೈಯುವ ಕೆಲಸ ಮುಗಿಸುತ್ತೇನೆ.

'ಆತ್ಮದ ತೂಕ 21 ಗ್ರಾಂ ಎಂದು ವಿಜ್ಞಾನ ಸಾಬೀತು ಮಾಡಿದೆ' ಎಂದಿದ್ದೀರಿ. ಮಾಡಿಲ್ಲ. ಅದು ಡಂಕನ್ ಮ್ಯಾಕ್‌ಡೂಗಲ್ ಎಂಬ ಅಮೆರಿಕದ ವೈದ್ಯ 1907ರಲ್ಲಿ ಪ್ರಕಟಿಸಿದ ಲೆಕ್ಕ. ಸಾಯುತ್ತಿದ್ದ ಆರು ಜನರನ್ನು ಮಂಚ ಸಮೇತ ತಕ್ಕಡಿ ಮೇಲೆ ಇಟ್ಟು ತೂಗಿದ. 21 ಗ್ರಾಂ ಬಂದದ್ದು ಒಬ್ಬರದು. ಇಬ್ಬರ ಲೆಕ್ಕವನ್ನು ಅವನೇ ಕೈಬಿಟ್ಟ. ಉಳಿದವರದು ಒಂದಕ್ಕೊಂದು ತಾಳೆ ಆಗಲಿಲ್ಲ. ಆಮೇಲೆ 15 ನಾಯಿಗಳನ್ನೂ ತೂಗಿದ. ಅವುಗಳ ತೂಕ ಇಳಿಯಲಿಲ್ಲ, ಹಾಗಾಗಿ ನಾಯಿಗೆ ಆತ್ಮ ಇಲ್ಲ ಅಂದುಬಿಟ್ಟ! ನೀವು ಅಡಿಕೆ ಬೆಳೆಯುವ ಮನೆಯವರು. ಶಿರಸಿ ಮಂಡಿಯಲ್ಲಿ ಆರು ಚೀಲ ತೂಗಿ, ಒಂದರ ತೂಕದ ಮೇಲೆ ಎಲ್ಲದರ ಬಿಲ್ ಮಾಡಿದರೆ ಒಪ್ಪುತ್ತೀರಾ?

ಇನ್ನು ನಚಿಕೇತ. 'ನಚಿಕೇತ ಕೇಳಿದ, ಯಮ ಹೇಳಿದ' ಎಂದು ಒಂದೇ ಸಾಲಲ್ಲಿ ದಾಟಿಸಿದ್ದೀರಿ. ಕಠೋಪನಿಷತ್ತಿನಲ್ಲಿ ಅಷ್ಟು ಸುಲಭಕ್ಕೆ ಆಗುವುದಿಲ್ಲ. ಸತ್ತ ಮೇಲೆ ಇರುತ್ತಾನೆ ಅಂತ ಕೆಲವರು, ಇರುವುದಿಲ್ಲ ಅಂತ ಕೆಲವರು, ನಿಜ ಯಾವುದು ಅಂತ ಹುಡುಗ ಮೂರನೇ ವರ ಕೇಳುತ್ತಾನೆ. ಯಮ ಜಾರಿಕೊಳ್ಳಲು ನೋಡುತ್ತಾನೆ. ದೇವತೆಗಳಿಗೇ ಇದರಲ್ಲಿ ಅನುಮಾನ ಇತ್ತು ಮಾರಾಯ, ಬೇರೆ ಕೇಳು ಅನ್ನುತ್ತಾನೆ. ನೂರು ವರ್ಷ ಬದುಕುವ ಮಕ್ಕಳು, ಆನೆ, ಕುದುರೆ, ಚಿನ್ನ ಎಲ್ಲ ಆಸೆ ತೋರಿಸುತ್ತಾನೆ. ಯಮನೇ ಹಿಂದೆ ಮುಂದೆ ನೋಡಿದ ಪ್ರಶ್ನೆಗೆ ನೀವು ಎರಡನೇ ಪ್ಯಾರಾದಲ್ಲೇ ಉತ್ತರ ಕೊಟ್ಟಿದ್ದೀರಿ. ಧೈರ್ಯ ಮೆಚ್ಚಬೇಕು.

'ಎಲ್ಲ ಧರ್ಮಗಳೂ ಹೇಳುವುದು ಒಂದೇ' ಎಂಬ ಸಾಲು ಮೂರು ಕಡೆ ಇದೆ. ಮೂರೂ ಕಡೆ ಹೊಡೆದು ಹಾಕಿದ್ದೇನೆ. ಒಂದೇ ಹೇಳಿದ್ದರೆ ನಮ್ಮ ಉತ್ತರ ಕನ್ನಡ ಜಿಲ್ಲೆ ತುಂಬ ಇಷ್ಟು ಬೇರೆ ಬೇರೆ ಕ್ರಮ ಯಾಕೆ ಇರುತ್ತಿತ್ತು? ಸೋಂದೆಯ ಜೈನರನ್ನು ಕೇಳಿ. ಜೀವ ಈ ದೇಹ ಬಿಟ್ಟು ಕಣ್ಣು ಮಿಟುಕಿಸುವುದರೊಳಗೆ ಮುಂದಿನ ಜನ್ಮಕ್ಕೆ ಸೇರಿರುತ್ತದೆ, ಪಿಂಡ ಯಾರಿಗೆ ಇಡುವುದು ಅನ್ನುತ್ತಾರೆ. ಭಟ್ಕಳದ ಮುಸ್ಲಿಮರಿಗೆ ಕಿಯಾಮತ್ ದಿನದವರೆಗೆ, ಅಂದರೆ ಕೊನೆಯ ತೀರ್ಪಿನ ದಿನದವರೆಗೆ, ಬರ್ಜಖ್ ಎಂಬ ನಡುವಿನ ಸ್ಥಿತಿಯಲ್ಲಿ ಕಾಯುವುದಿದೆ. ಹೊನ್ನಾವರ, ಕಾರವಾರದ ಕ್ಯಾಥೋಲಿಕರು ನವೆಂಬರ್ 2ರಂದು ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ, ಅವರ ದಾರಿ ಇನ್ನೂ ಮುಗಿದಿಲ್ಲ ಎಂಬ ನಂಬಿಕೆಯಲ್ಲಿ. ಅಷ್ಟೆಲ್ಲ ಯಾಕೆ, ನಿಮ್ಮ ಲೇಖನದ ಒಳಗೇ ಜಗಳ ಇದೆ. ಮೂರನೇ ಪುಟದಲ್ಲಿ ಗೀತೆ, ಹಳೇ ಬಟ್ಟೆ ಬಿಟ್ಟು ಹೊಸದು ಉಟ್ಟ ಹಾಗೆ ಆತ್ಮ ದೇಹ ಬದಲಿಸುತ್ತದೆ. ನಾಲ್ಕನೇ ಪುಟದಲ್ಲಿ ಗರುಡ ಪುರಾಣ, ಅದೇ ಆತ್ಮ ವೈತರಣಿ ದಾಟಿಕೊಂಡು ಒಂದು ವರ್ಷ ನಡೆಯುತ್ತದೆ. ಇವೆರಡೂ ಹೊಂದುವುದು ಹೇಗೆ ಅಂತ ನಿಮಗೆ ಅನುಮಾನವೇ ಬರಲಿಲ್ವಾ? ಹೊಂದಿಸಿದ ಪಂಡಿತರಿದ್ದಾರೆ, ಅದು ಬೇರೆ ಮಾತು. ನೀವು ಬರೀ ಅಂಟಿಸಿದ್ದೀರಿ.

ಬೈಗುಳ ಮುಗಿಯಿತು. ಈಗ ಏಳನೇ ಪುಟ.

ಗೋಕರ್ಣ. ಕೋಟಿತೀರ್ಥದ ದಂಡೆ. ನಿಮ್ಮ ಅಜ್ಜನ ಹತ್ತನೇ ದಿನ. ಬಾಳೆಲೆ ಮೇಲೆ ಪಿಂಡ ಇಟ್ಟು ಎಲ್ಲರೂ ಹಿಂದೆ ಸರಿದಿದ್ದೀರಿ. ಕಾಗೆ ಬಂದಿದೆ, ಆದರೆ ಮುಟ್ಟುತ್ತಿಲ್ಲ. 'ಅದು ಮೆಟ್ಟಿಲ ಮೇಲೆ ಕೂತು ನಮ್ಮನ್ನು ನೋಡುತ್ತಿತ್ತು, ಅನ್ನವನ್ನಲ್ಲ.' ಈ ಸಾಲು ಓದಿ ಕನ್ನಡಕ ತೆಗೆದಿಟ್ಟೆ. ಉಳಿದ ಹತ್ತು ಪುಟದಲ್ಲಿ ಇಂಥದ್ದು ಒಂದೂ ಇಲ್ಲ. ಭಟ್ಟರು ಗಡಿಯಾರ ನೋಡಿದ್ದು, ಅವರಿಗೆ ಇನ್ನೊಂದು ಮನೆಯವರು ಕಾಯುತ್ತಿದ್ದದ್ದು, ಎಳ್ಳು ಅಂಟಿದ ಕೈಯನ್ನು ನಿಮ್ಮ ಅಪ್ಪ ಒರೆಸಿಕೊಳ್ಳದೇ ಹಾಗೇ ಹಿಡಿದು ನಿಂತದ್ದು, ಎಲ್ಲ ಚೆನ್ನಾಗಿದೆ. (ಕೋಟಿತೀರ್ಥದ ಕಾಗೆಗಳಿಗೆ ಹೊಟ್ಟೆ ತುಂಬಿರುತ್ತದೆ ಅಂತ ನನ್ನ ಗುಮಾನಿ. ಅದಿರಲಿ.)

ಆಮೇಲೆ ಬರೆದಿದ್ದೀರಿ: 'ಮನೆಯವರೊಬ್ಬರು ಒಂದು ಮಾತು ಕೊಟ್ಟರು. ಕಾಗೆ ಬಂದು ಪಿಂಡ ಮುಟ್ಟಿತು.' ಮುಂದಿನ ಪ್ಯಾರಾ ಸೀದಾ ಪುನರ್ಜನ್ಮಕ್ಕೆ ಜಿಗಿದಿದೆ.

ಯಾರು ಕೊಟ್ಟರು? ಏನು ಅಂತ ಕೊಟ್ಟರು? ಅಜ್ಜಿಯನ್ನು ನೋಡಿಕೊಳ್ಳುತ್ತೇವೆ ಅಂತಲೋ, ತೋಟ ಪಾಲು ಮಾಡುವುದಿಲ್ಲ ಅಂತಲೋ? ಅಲ್ಲಿ ನಿಂತವರಿಗೆಲ್ಲ ಗೊತ್ತಿತ್ತು, ಅಲ್ವಾ? ಮುಚ್ಚಿಟ್ಟಿದ್ದು ಮನೆ ಮರ್ಯಾದೆಗೆ ಅಂತ ಕಾಣುತ್ತದೆ. ಅರ್ಥವಾಗುತ್ತದೆ. ಆದರೆ ನಿಮ್ಮ ಲೇಖನ ಇರುವುದೇ ಆ ಮಾತಿನಲ್ಲಿ. ಆತ್ಮ ಎಲ್ಲಿಗೆ ಹೋಗುತ್ತದೆ ಎಂದು ನೀವು ಕೇಳುತ್ತಿದ್ದೀರಿ. ಆ ದಂಡೆಯಲ್ಲಿದ್ದವರ ಲೆಕ್ಕದಲ್ಲಿ ಅಜ್ಜ ಇನ್ನೂ ಹೋಗಿಯೇ ಇಲ್ಲ. ಮನೆಯ ಒಂದು ವ್ಯವಹಾರ ಬಾಕಿ ಇದೆ, ಕೂತು ಕಾಯುತ್ತಿದ್ದಾರೆ.

ಗರುಡ ಪುರಾಣಕ್ಕೂ ಜಾಗ ಇಲ್ಲೇ ಇದೆ. ಮೊದಲ ದಿನದ ಪಿಂಡದಿಂದ ತಲೆ, ಹೀಗೆ ದಿನಕ್ಕೊಂದು ಅಂಗ ಮೂಡಿ, ಹತ್ತನೇ ದಿನ ಹಸಿವು ಬಾಯಾರಿಕೆ ಹುಟ್ಟುತ್ತದೆ ಎಂದು ನಾಲ್ಕನೇ ಪುಟದಲ್ಲಿ ನೀವೇ ಬರೆದಿದ್ದೀರಿ. ಅಂದರೆ ಅಜ್ಜನಿಗೆ ಹಸಿವು ಹುಟ್ಟಿದ ದಿನವೇ ಕಾಗೆ ಎಲೆಯ ಮುಂದೆ ಸುಮ್ಮನೆ ಕೂತಿದೆ. ಇದು ನಿಮಗೆ ಹೊಳೆಯಲಿಲ್ವಾ?

ನನ್ನ ಆಯಿ ತೀರಿಕೊಂಡಾಗ ಎಲೆ ಇಟ್ಟು ತಿರುಗುವುದರೊಳಗೆ ಕಾಗೆ ಬಂದು ತಿಂದು ಹೋಯಿತು. ಎಲ್ಲರೂ ಪುಣ್ಯವಂತೆ ಅಂದರು. ಬರುವಾಗ ಬಸ್ಸಿನಲ್ಲಿ ತಂಗಿ ಅಂದಳು: 'ಇಷ್ಟು ಬೇಗ ಹೋಗಿಬಿಡೋದಾ? ನಮ್ಮ ಮೇಲೆ ಒಂದು ಆಸೆನೂ ಇರಲಿಲ್ವಾ?' ನಾನು ಇವತ್ತಿನವರೆಗೂ ಅದನ್ನು ಬರೆದಿಲ್ಲ. ಹಾಗಾಗಿ ನಿಮಗೆ ಬುದ್ಧಿ ಹೇಳುವ ಯೋಗ್ಯತೆ ಸ್ವಲ್ಪ ಕಡಿಮೆಯೇ.

ನಾಲ್ಕು ಪುಟ ಸಾಕು. ಹೆಸರುಗಳನ್ನು ಬದಲಿಸಿ, ಬೇಕಾದರೆ ಊರನ್ನೂ ಬದಲಿಸಿ. ಕೊಟ್ಟ ಮಾತನ್ನು ಮಾತ್ರ ಇದ್ದ ಹಾಗೇ ಬರೆಯಿರಿ. ಅದನ್ನು ಆಮೇಲೆ ನಡೆಸಿದರೋ ಇಲ್ಲವೋ, ಅದನ್ನೂ.