ಓದುಗರ ಪ್ರಶ್ನೆ: ಕುಕ್ಕರಹಳ್ಳಿ ಕೆರೆ ದಿಬ್ಬದ ಮಹಲು

ಪ್ರಶ್ನೆ: ಒಂದು ದಿನದ ಮಟ್ಟಿಗೆ ಮೈಸೂರಿಗೆ ಬಂದು ಜಯಲಕ್ಷ್ಮಿ ವಿಲಾಸ ಮತ್ತು ಪಕ್ಕದ ಕೆರೆ ಎರಡನ್ನೂ ನೋಡಬೇಕೆಂದಿದ್ದೇವೆ. ಜೊತೆಗೆ ಎಪ್ಪತ್ತು ದಾಟಿದ ಅತ್ತೆಯವರು, ಇಬ್ಬರು ಮಕ್ಕಳು. ಎಲ್ಲಿಂದ ಶುರು ಮಾಡಬೇಕು?
— ಓದುಗರು, ಮಂಡ್ಯ

ಉತ್ತರ: ಮೊದಲು ಕೆರೆ, ಆಮೇಲೆ ಮಹಲು. ಮಹಲಿರುವ ದಿಬ್ಬ ಕೆರೆಯ ಪಶ್ಚಿಮಕ್ಕಿದೆ. ಬೆಳಗಿನ ಬಿಸಿಲು ಕೆರೆಯ ಮೇಲಿಂದ ಬಂದು ಕಟ್ಟಡದ ಮೇಲೆ ಬೀಳುತ್ತದೆ. ಮಧ್ಯಾಹ್ನದ ಮೇಲೆ ಅದೇ ಬದಿ ನೆರಳಿಗೆ ಸರಿಯುವುದರಿಂದ ಫೋಟೊ ಕಪ್ಪಗೆ ಬರುತ್ತದೆ. ಕೊಕ್ಕರೆ, ನೀರುಕಾಗೆ, ಹೆಜ್ಜಾರ್ಲೆಗಳು ಕಾಣುವುದೂ ಬೆಳಿಗ್ಗೆಯೇ ಹೆಚ್ಚು.

ಕೆರೆ ಸುತ್ತಿನ ಹಾದಿ ಸುಮಾರು 5 ಕಿ.ಮೀ. ಚುರುಕಾಗಿ ನಡೆಯುವವರಿಗೇ ಒಂದು ಗಂಟೆ ಬೇಕು. ಅತ್ತೆಯವರನ್ನು ಪೂರ್ತಿ ಸುತ್ತು ಹಾಕಿಸಬೇಡಿ. ಬಂದ ಗೇಟಿನಿಂದ ಕಾಲು ಗಂಟೆ ನಡೆದು, ನೆರಳಲ್ಲಿ ಕೂತು, ಅದೇ ಹಾದಿಯಲ್ಲಿ ವಾಪಸಾಗಲಿ. ಮಕ್ಕಳು ದೋಣಿ ಕೇಳಿದರೆ ಇಲ್ಲಿ ಸಿಗದು, ಅದಕ್ಕೆ ಕಾರಂಜಿ ಕೆರೆಗೇ ಹೋಗಬೇಕು. ಮೃಗಾಲಯದಂತೆ ಕಾರಂಜಿ ಉದ್ಯಾನಕ್ಕೂ ಮಂಗಳವಾರ ರಜೆ.

ಆಟೋದವರಿಗೆ ಬರೀ 'ಜಯಲಕ್ಷ್ಮಿ' ಎಂದರೆ ಜಯಲಕ್ಷ್ಮಿಪುರಂನಲ್ಲಿ ಇಳಿಸಿಯಾರು. 'ಮಾನಸಗಂಗೋತ್ರಿ, ಜಾನಪದ ಮ್ಯೂಸಿಯಂ' ಎನ್ನಿ. ಮ್ಯೂಸಿಯಂ ಇರುವುದು ಈ ಮಹಲಿನಲ್ಲೇ. ಮಹಲು ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿನಲ್ಲಿದೆ. ಹಾಗಾಗಿ ವಿಶ್ವವಿದ್ಯಾನಿಲಯಕ್ಕೆ ರಜೆ ಇರುವ ದಿನ ಬಾಗಿಲು ತೆರೆದಿರುತ್ತದೆಂದು ನಂಬಿ ಬರಬೇಡಿ, ಭಾನುವಾರವಂತೂ ಬೇಡ. ದುರಸ್ತಿ ನಡೆಯುವಾಗ ಒಳಗೆ ಬಿಡುವುದಿಲ್ಲ. ಹಿಂದಿನ ದಿನ ಫೋನು ಮಾಡಿ ವಿಚಾರಿಸಿಕೊಂಡೇ ಹೊರಡಿ. ಕಟ್ಟಡ ಎತ್ತರದ ಜಗಲಿಯ ಮೇಲಿದೆ, ಮೆಟ್ಟಿಲು ಹತ್ತಲೇಬೇಕು. ಮಂಡಿನೋವಿದ್ದರೆ ಹೊರಗಿನಿಂದ ನೋಡಿದರೂ ನಷ್ಟವಿಲ್ಲ. ಈ ಮನೆಯ ಅರ್ಧ ಚೆಲುವು ಹೊರಗೇ ಇದೆ.

ಪ್ರಶ್ನೆ: ಜಯಲಕ್ಷ್ಮಿ ವಿಲಾಸದಲ್ಲಿ ಏನನ್ನು ಗಮನಿಸಬೇಕು? ಇದನ್ನು ಕಟ್ಟಿಸಿದ್ದು ಚಾಮರಾಜ ಒಡೆಯರೇ?
— ವಿದ್ಯಾರ್ಥಿನಿ, ಕೆ.ಆರ್. ಪೇಟೆ

ಉತ್ತರ: ಹಾಗೆಂದು ಹೇಳುವುದುಂಟು, ಆದರೆ ಲೆಕ್ಕ ಕೂಡುವುದಿಲ್ಲ. ಹತ್ತನೆಯ ಚಾಮರಾಜ ಒಡೆಯರು ತೀರಿಕೊಂಡದ್ದು 1894ರಲ್ಲಿ, ಮಹಲು 1905ರದ್ದು. ಆಗ ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಮನೆ ಎದ್ದದ್ದು ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗಾಗಿ. ಅವರ ಪತಿ ಸರ್ದಾರ್ ಕಾಂತರಾಜ ಅರಸರು 1919ರಿಂದ 1922ರವರೆಗೆ ಮೈಸೂರಿನ ದಿವಾನರಾಗಿದ್ದರು. ಕುವೆಂಪು ಕುಲಪತಿಗಳಾಗಿದ್ದ ಕಾಲದಲ್ಲಿ ಈ ಜಾಗ ವಿಶ್ವವಿದ್ಯಾನಿಲಯಕ್ಕೆ ಬಂತು. ಮಾನಸಗಂಗೋತ್ರಿ ಎಂಬ ಹೆಸರೂ ಅವರದೇ. ಜಾನಪದ ವಸ್ತುಸಂಗ್ರಹಾಲಯ ಶುರುವಾದದ್ದು 1968ರಲ್ಲಿ. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಲ್ಲಿ ದುರಸ್ತಿಯಾಗಿ 2006ರಲ್ಲಿ ಮತ್ತೆ ತೆರೆಯಿತು.

ನೋಡುವಾಗ ಮೂರೂ ಭಾಗಗಳನ್ನು ಹೋಲಿಸಿ. ಎರಡು ತುದಿಯವು ಹೆಚ್ಚುಕಡಿಮೆ ಒಂದೇ ಬಗೆ, ನಡುವಿನದಕ್ಕೆ ಅಲಂಕಾರ ಹೆಚ್ಚು. ಕಂಬದ ತಲೆಗಳಲ್ಲಿ ಎರಡು ಜಾತಿ ಇವೆ: ಎಲೆಗೊಂಚಲಿನಂಥದು ಕೊರಿಂಥಿಯನ್, ಟಗರಿನ ಕೊಂಬಿನಂತೆ ಸುರುಳಿ ಸುತ್ತಿದ್ದು ಅಯೋನಿಕ್. ಗ್ರೀಕರ ಕಂಬದ ಮೇಲಿನ ತ್ರಿಕೋನದಲ್ಲಿ ನಮ್ಮ ಗಜಲಕ್ಷ್ಮಿ! ಒಳಗೆ ಕಲ್ಯಾಣ ಮಂಟಪದಲ್ಲಿ ತಲೆಯೆತ್ತಿದರೆ ಬಣ್ಣದ ಗಾಜಿನ ಎಂಟು ದಳದ ಗುಮ್ಮಟ. ಮಕ್ಕಳಿಗೆ ಇದಕ್ಕಿಂತ ಮ್ಯೂಸಿಯಂನ ತೊಗಲುಬೊಂಬೆ, ಸೋಮನ ಕುಣಿತದ ಮುಖವಾಡಗಳೇ ಹಿಡಿಸುತ್ತವೆ.

ಪ್ರಶ್ನೆ: ಇಂಥ ಹಳೆಯ ಮಹಲುಗಳನ್ನು ಲಕ್ಷಾಂತರ ಖರ್ಚು ಮಾಡಿ ದುರಸ್ತಿ ಮಾಡಿದರೂ ಹತ್ತಾರು ವರ್ಷಕ್ಕೆ ಗಾರೆ ಮತ್ತೆ ಉದುರುತ್ತದಲ್ಲ, ಏಕೆ? ನಮ್ಮ ತೊಟ್ಟಿಮನೆಗೆ ಸಿಮೆಂಟು ಬಳಿಸಿದ ಮೇಲೆ ಗೋಡೆ ಇನ್ನೂ ಕೆಟ್ಟಿತು.
— ಓದುಗರು, ಮಳವಳ್ಳಿ

ಉತ್ತರ: ಕಾರಣ ನಿಮ್ಮ ಎರಡನೇ ವಾಕ್ಯದಲ್ಲೇ ಇದೆ. ಸುಣ್ಣದ ಗಾರೆಯ ಗೋಡೆ ನೀರು ಕುಡಿಯುತ್ತದೆ, ಬಿಸಿಲಿಗೆ ಅದನ್ನು ಹೊರಗೂ ಬಿಡುತ್ತದೆ. ಸಿಮೆಂಟು ಬಳಿದರೆ ಹೊರಬರುವ ದಾರಿ ಮುಚ್ಚಿತು. ನೆಲದಿಂದ ಏರಿದ ತೇವ, ತಾರಸಿಯಿಂದ ಇಳಿದ ನೀರು ಎರಡೂ ಗೋಡೆಯೊಳಗೇ ನಿಲ್ಲುತ್ತವೆ. ನೀರಿನಲ್ಲಿದ್ದ ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ ಉಬ್ಬಿ, ಪದರವನ್ನು ಹಲಗೆಯಂತೆ ಕಿತ್ತು ಬೀಳಿಸುತ್ತದೆ, ಜೊತೆಗೆ ಇಟ್ಟಿಗೆಯ ಮುಖವನ್ನೂ ಎಳೆದುಕೊಂಡು ಹೋಗುತ್ತದೆ. ಪ್ಲಾಸ್ಟಿಕ್ ಎಮಲ್ಷನ್ ಬಣ್ಣವೂ ಇದೇ ಕೆಲಸ ಮಾಡುತ್ತದೆ, ಸ್ವಲ್ಪ ನಿಧಾನವಾಗಿ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ನೆಲದಿಂದ ಎರಡು ಮೂರು ಅಡಿಯವರೆಗೆ ಮಾತ್ರ ಬಿಳಿ ಪುಡಿ ಕಂಡರೆ ತೇವ ಬುಡದ್ದು. ಗೋಡೆಯ ಸುತ್ತ ಹಾಕಿದ ಕಾಂಕ್ರೀಟು, ಏರಿಸಿದ ಮಣ್ಣು ಇದ್ದರೆ ತೆಗೆಸಿ, ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಕೊಡಿ. ಕಲೆ ಮೇಲಿನಿಂದ ಇಳಿದಿದ್ದರೆ ತಾರಸಿ, ಮಾಡಿನ ಅಂಚಿನಲ್ಲಿ ಮಳೆನೀರು ಹರಿಯುವ ದೋಣಿ, ನೀರು ಹೋಗುವ ತೂಬು ನೋಡಿ. ಮದ್ರಾಸ್ ತಾರಸಿಯಾದರೆ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ್ದಾದರೆ, ತೊಲೆಗಳ ತುದಿಗಳನ್ನು ಪರೀಕ್ಷಿಸಲೇಬೇಕು. ಗೋಡೆಯೊಳಗೆ ಹೂತ ತುದಿ ಮೊದಲು ಕೊಳೆಯುತ್ತದೆ, ಗೆದ್ದಲೂ ಅಲ್ಲೇ ಹತ್ತುತ್ತದೆ. ಸೋರಿಕೆ ನಿಲ್ಲಿಸದೆ ಗಾರೆ ಮಾಡಿಸಿದರೆ ಆ ದುಡ್ಡು ಕೆರೆಗೆ ಹಾಕಿದಂತೆ.

ಆಮೇಲೆ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ. ಪೊಳ್ಳು ಸದ್ದು ಬಂದಷ್ಟನ್ನೇ ಕೆತ್ತಿಸಿ, ಗಟ್ಟಿ ಇರುವುದನ್ನು ಮುಟ್ಟಬೇಡಿ. ನೀರು ಹಾಕಿ ಅರಳಿಸಿದ ಸುಣ್ಣವನ್ನು ನೀರಿನಡಿ ಕನಿಷ್ಠ ಎರಡು ಮೂರು ವಾರ ಬಿಡಬೇಕು. ಅರೆಬರೆ ಅರಳಿದ ಹರಳು ಗಾರೆಯೊಳಗೆ ಸೇರಿದರೆ ಆಮೇಲೆ ಅರಳಿ ಗುಳ್ಳೆ ಎಬ್ಬಿಸುತ್ತದೆ. ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಮರಳು, ಅದರಲ್ಲೇ ಸ್ವಲ್ಪ ಭಾಗ ಸುರ್ಕಿ, ಅಂದರೆ ಇಟ್ಟಿಗೆ ಪುಡಿ. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರಿನಲ್ಲಿ ಕಲಸುವುದು ನಮ್ಮ ಕಡೆಯ ಹಳೆಯ ರೂಢಿ. ಗೋಡೆ ಚೆನ್ನಾಗಿ ನೆನೆಸಿ, ಒಂದು ಬಳಿತ ಅರ್ಧ ಅಂಗುಲ ಮೀರದಂತೆ ಹಾಕಿಸಿ. ವಾರ ಕಳೆದ ಮೇಲೆ ಮುಂದಿನ ಬಳಿತ. ಒದ್ದೆ ಗೋಣಿ ತೂಗುಹಾಕಿ ಬಿಸಿಲು ತಡೆಯಿರಿ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಹೊರಗಿನಿಂದ ಒಳಕ್ಕೆ, ನಿಧಾನವಾಗಿ. ಅವಸರಪಡಿಸಿದರೆ ಮೇಲ್ಪದರ ಒಣಗಿ ಬಿರಿಯುತ್ತದೆ. ಬೇಗ ಗಟ್ಟಿಯಾಗಲೆಂದು ಮೇಸ್ತ್ರಿ 'ಒಂದು ಬಾಂಡ್ಲಿ ಸಿಮೆಂಟ್ ಬೆರೆಸೋಣ' ಎಂದರೆ ಒಪ್ಪಬೇಡಿ.

ಕೈಪಿಡಿ ಗೋಡೆಯಲ್ಲಿ ಅರಳಿ ಗಿಡ ಹುಟ್ಟಿದ್ದರೆ ಎಳೆದು ಕೀಳಬೇಡಿ, ಇಟ್ಟಿಗೆಯೂ ಜೊತೆಗೆ ಬರುತ್ತದೆ. ಬರೀ ಕತ್ತರಿಸಿದರೂ ಮತ್ತೆ ಚಿಗುರುತ್ತದೆ. ಸಂದು ಬಿಡಿಸಿ, ಬೇರು ತೆಗೆದು, ಸುಣ್ಣದ ಗಾರೆಯಿಂದಲೇ ಮುಚ್ಚಬೇಕು.

ಪ್ರಶ್ನೆ: ಕುಕ್ಕರಹಳ್ಳಿ ಕೆರೆ ಬೇಸಿಗೆಯಲ್ಲಿ ಸೊರಗುವುದೇಕೆ?
— ಓದುಗರು, ಮೈಸೂರು

ಉತ್ತರ: 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಈ ಕೆರೆಗೆ ಪೂರ್ಣಯ್ಯನ ನಾಲೆಯಿಂದ ನೀರು ಬರುತ್ತಿತ್ತು. ನಾಲೆಯ ಬಹುಭಾಗದ ಮೇಲೆ ಈಗ ಮನೆ, ರಸ್ತೆಗಳು ಎದ್ದಿವೆ. ಉಳಿದದ್ದು ಮಳೆನೀರು. ಅದರೊಂದಿಗೆ ಚರಂಡಿ ನೀರು ಸೇರಿದಾಗಲೆಲ್ಲ ಕಳೆ ಹಬ್ಬುತ್ತದೆ.

ಪ್ರಶ್ನೆ: ವಾಪಸು ಹೋಗುವಾಗ ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಲು ಸಮಯ ಸಾಕೇ?
— ಓದುಗರು, ಮದ್ದೂರು

ಉತ್ತರ: ಒಂದೂವರೆ ಗಂಟೆ ಇಟ್ಟುಕೊಳ್ಳಿ, ಸಂಜೆ 5ಕ್ಕೆ ಮುಚ್ಚುತ್ತಾರೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಒಳಗೆ ಫೋಟೊ ತೆಗೆಯುವಂತಿಲ್ಲ. 1784ರ ಕಟ್ಟಡವಾದರೂ ಗೋಡೆಯ ಬಣ್ಣವೆಲ್ಲ ಟಿಪ್ಪು ಕಾಲದ್ದಲ್ಲ, ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ ಮತ್ತೆ ಬರೆಸಿದ್ದೂ ಇದೆ. ಸುತ್ತ ಕಟ್ಟಿದ ಪರದೆ ಬಿಸಿಲಿಗೆ ಚಿತ್ರ ಮಾಸದಿರಲೆಂದು. ಒಳಗೆ ಮಬ್ಬು ಎಂದು ಸರಿಸಲು ಹೋಗಬೇಡಿ, ಎರಡು ನಿಮಿಷ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಪಶ್ಚಿಮ ಗೋಡೆಯಲ್ಲಿ ಹೈದರ್, ಟಿಪ್ಪು ಸೇನೆ ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಸೇನಾಧಿಕಾರಿ ಕರ್ನಲ್ ಬೈಲಿ ಮತ್ತು ಸಿಡಿಯುತ್ತಿರುವ ಮದ್ದಿನ ಬಂಡಿಯನ್ನು ಹುಡುಕಲು ಮಕ್ಕಳಿಗೆ ಹೇಳಿ.